ಸಮವಲ್ಲದ ಸ್ವರಗಳ ಪರವಾಗಿ

ಬ್ರಾಹ್ಮ್ಸ್‌ನ ಕ್ಲಾರಿನೆಟ್ ಕ್ವಿಂಟೆಟ್ಟನ್ನು, ಅಂದರೆ ಕ್ಲಾರಿನೆಟ್ ಎಂಬ ಊದುವಾದ್ಯ ಮತ್ತು ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಯನ್ನು, ಒಮ್ಮೆ ಆ ಕಾಲದ ವಾದ್ಯಗಳಲ್ಲಿ ಕೇಳಿ ಎಂದು ನಾನು ಹೇಳಿದಾಗಲೆಲ್ಲ ಎದುರಿನವರು ಕೇಳುವುದು ಒಂದೇ ಪ್ರಶ್ನೆ: ಹೊಸ ವಾದ್ಯದಲ್ಲಿ ಏನು ಕಡಿಮೆಯಾಗಿದೆ? ಕಡಿಮೆಯಾಗಿರುವುದು ಏನೂ ಇಲ್ಲ, ಹೆಚ್ಚಾಗಿರುವುದೇ ತೊಂದರೆ. ಧ್ವನಿ ಹೆಚ್ಚಾಗಿದೆ, ಸಮತೆ ಹೆಚ್ಚಾಗಿದೆ, ಬೆರಳಿಗೆ ಸಲೀಸು ಹೆಚ್ಚಾಗಿದೆ. ಈ ಮೂರೂ ಹೆಚ್ಚಾದಾಗ 19ನೇ ಶತಮಾನದ ಜರ್ಮನ್ ಸಂಯೋಜಕರಾದ ವೆಬರ್, ಮೆಂಡೆಲ್‌ಸನ್, ಶೂಮನ್, ಬ್ರಾಹ್ಮ್ಸ್ ಇವರ ಸಂಗೀತದಲ್ಲಿ ಯಾವುದು ಮುಚ್ಚಿಹೋಗುತ್ತದೆ ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದು ಆ ಬರಹ.

ನಾನು ವೇದಿಕೆಯ ವಾದಕನಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ಸಂಜೆಗಳು ಮಾತ್ರ ಕ್ಲಾರಿನೆಟ್ಟಿನವು. ನನ್ನ ಬಳಿ ಎರಡು ವಾದ್ಯಗಳಿವೆ. ಒಂದು ಗ್ರೆನಡಿಲ್ಲಾ ಎಂಬ ಕಪ್ಪು ಮರದ, ಬೋಮ್ ಪದ್ಧತಿ ಎಂಬ ಕೀಗಳ ಜೋಡಣೆಯ ಕ್ಲಾರಿನೆಟ್. ಕೀ ಎಂದರೆ ರಂಧ್ರವನ್ನು ಮುಚ್ಚಿ ತೆರೆಯುವ ಲೋಹದ ಸನ್ನೆ. ಇವತ್ತು ಜಗತ್ತಿನ ಬಹುಪಾಲು ಆರ್ಕೆಸ್ಟ್ರಾಗಳಲ್ಲಿ ಕಾಣುವುದು ಇದೇ. ಇನ್ನೊಂದು, 19ನೇ ಶತಮಾನದ ಮೊದಲ ದಶಕಗಳ ಜರ್ಮನ್ ಮಾದರಿಯನ್ನು ನೋಡಿ ಮಾಡಿದ ಹತ್ತು ಕೀಗಳ ಪ್ರತಿಕೃತಿ. ಜೇನಿನ ಬಣ್ಣದ ಬಾಕ್ಸ್‌ವುಡ್ ಮರ, ಹಿತ್ತಾಳೆಯ ಕೀಗಳು, ಭಾಗಗಳು ಕೂಡುವಲ್ಲಿ ಬಿಳಿಯ ಉಂಗುರಗಳು. ಮೂಲ ವಾದ್ಯಗಳಲ್ಲಿ ಆ ಉಂಗುರಗಳು ದಂತದವು. ನನ್ನದರಲ್ಲಿ ಕೃತಕ ವಸ್ತು. ಅದುರಿ ನಾದ ಹುಟ್ಟಿಸುವ ತೆಳು ಸೀಳು, ಅಂದರೆ ರೀಡನ್ನು, ಊದುವ ತುದಿಯ ಮೌತ್‌ಪೀಸಿಗೆ ಬಿಗಿಯುವುದು ಲೋಹದ ಪಟ್ಟಿಯಿಂದಲ್ಲ, ದಾರದಿಂದ. ಒಂದೊಂದೇ ಸುತ್ತು ಸುತ್ತುತ್ತ, ಹಿಂದಿನ ಸುತ್ತಿನ ಮೇಲೆ ಮುಂದಿನದು ಹತ್ತದಂತೆ ನೋಡಿಕೊಂಡು, ಕೊನೆಯ ತುದಿಯನ್ನು ಸುತ್ತುಗಳ ಕೆಳಗೆ ಸಿಕ್ಕಿಸಬೇಕು. ದಾರ ಎಲ್ಲಿ ಸಡಿಲವಾಗಿದೆ, ಎಲ್ಲಿ ಬಿಗಿಯಾಗಿದೆ ಎಂಬುದು ಊದಿದ ಕೂಡಲೇ ತಿಳಿಯುತ್ತದೆ. ಬಾಕ್ಸ್‌ವುಡ್ ತೇವಕ್ಕೆ ಬಹಳ ಬೇಗ ಸ್ಪಂದಿಸುವ ಮರ. ಉಸಿರಿನ ಹಬೆಗೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅಲಕ್ಷ್ಯ ಮಾಡಿದರೆ ಬಾಗಿಯೂ ಬಿಡುತ್ತದೆ. ಒಳಗೆ ಎಣ್ಣೆ ಸವರಬೇಕು, ನುಡಿಸಿದ ಮೇಲೆ ಬಟ್ಟೆಯಿಂದ ಒರೆಸಬೇಕು, ಹೊಸತಾಗಿದ್ದಾಗ ದಿನಕ್ಕೆ ಸ್ವಲ್ಪವೇ ನುಡಿಸಿ ಪಳಗಿಸಬೇಕು.

ಈ ಎರಡು ವಾದ್ಯಗಳ ವ್ಯತ್ಯಾಸ ಅರ್ಥವಾಗಬೇಕಾದರೆ ಕ್ಲಾರಿನೆಟ್ಟಿನ ಹುಟ್ಟುಗುಣವೊಂದನ್ನು ತಿಳಿಯಬೇಕು. ಕೊಳಲಿನಲ್ಲಿ ಅದೇ ಬೆರಳಿಟ್ಟು ಉಸಿರನ್ನು ಬಿಗಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಒಂದು ತುದಿ ಮುಚ್ಚಿದಂತೆ ವರ್ತಿಸುವ ನೇರ ಕೊಳವೆಯಾದ್ದರಿಂದ, ಸ್ವರ ಒಂದು ಸ್ಥಾಯಿಯಷ್ಟಲ್ಲ, ಒಂದೂವರೆ ಸ್ಥಾಯಿಯಷ್ಟು ಮೇಲೆ ಜಿಗಿಯುತ್ತದೆ. ಹನ್ನೆರಡನೆಯ ಸ್ವರಕ್ಕೆ ಹೋಗಿ ನಿಲ್ಲುತ್ತದೆ. ಹೀಗಾಗಿ ಕೆಳಗಿನ ಸಾಲಿಗೂ ಮೇಲಿನ ಸಾಲಿಗೂ ನಡುವೆ ಒಂದು ಕಂದರ ಉಳಿಯುತ್ತದೆ. ಅದನ್ನು ತುಂಬಲು ಕೊಳವೆಯ ಮೇಲ್ತುದಿಯ ಕೆಲವು ಸ್ವರಗಳು ಬೇಕು. ವಾದಕರು ಇವನ್ನು ಗಂಟಲಿನ ಸ್ವರಗಳು ಎನ್ನುತ್ತಾರೆ. ಇಲ್ಲಿ ಕೊಳವೆಯ ಬಹುಭಾಗ ತೆರೆದೇ ಇರುವುದರಿಂದ ನಾದಕ್ಕೆ ಮೈಯೇ ಇರುವುದಿಲ್ಲ. ಅದರಲ್ಲೂ ಬಿ ಫ್ಲಾಟ್ ಎಂಬ ಸ್ವರ ಪಾಪದ ಕೂಸು. ಅದಕ್ಕೆ ಸ್ವಂತದ ರಂಧ್ರವಿಲ್ಲ. ಮೇಲಿನ ಸಾಲಿಗೆ ಜಿಗಿಸಲೆಂದು ಇರುವ ಪುಟ್ಟ ರಂಧ್ರವನ್ನೇ ಅದು ಎರವಲು ಪಡೆಯುತ್ತದೆ. ಒಂದೇ ರಂಧ್ರಕ್ಕೆ ಎರಡು ಕೆಲಸ. ಎರಡಕ್ಕೂ ಅರ್ಧರ್ಧ ನ್ಯಾಯ.

ಹೊಸ ವಾದ್ಯದಲ್ಲೂ ಈ ದೋಷವಿದೆ. ಆದರೆ ಅದನ್ನು ಮರೆಮಾಚಲು ಎಷ್ಟೋ ಉಪಾಯಗಳಿವೆ. ಹಳೆಯದರಲ್ಲಿ ಉಪಾಯ ಕಡಿಮೆ, ತೊಡಕು ಹೆಚ್ಚು. ಹತ್ತು ಕೀಗಳೆಂದರೆ ಅರೆಸ್ವರಗಳಿಗೆಲ್ಲ ಕೀ ಇದೆ ಎಂದಲ್ಲ. ಕೆಲವನ್ನು ಅಡ್ಡಬೆರಳಿಟ್ಟು ಹುಟ್ಟಿಸಬೇಕು: ಒಂದು ರಂಧ್ರ ತೆರೆದು, ಅದರ ಕೆಳಗಿನದನ್ನು ಮುಚ್ಚಿ, ಸ್ವರವನ್ನು ಅರೆಸ್ವರದಷ್ಟು ತಗ್ಗಿಸಬೇಕು. ಹಾಗೆ ಹುಟ್ಟಿದ ಸ್ವರ ಪಕ್ಕದ ಸ್ವರದಂತೆ ತೆರೆದ ಬಾಯಲ್ಲಿ ಮಾತನಾಡುವುದಿಲ್ಲ. ಮುಸುಕು ಹಾಕಿಕೊಂಡಿರುತ್ತದೆ. ಶಿಕ್ಷಕರೊಬ್ಬರು ನನಗೆ ಹೊಸ ವಾದ್ಯದಲ್ಲಿ ಮೊದಲು ಕಲಿಸಿದ್ದೇ ಸ್ವರಗಳೆಲ್ಲ ಒಂದೇ ದಾರದ ಮಣಿಗಳಂತಿರಬೇಕೆಂದು. ಬಾಕ್ಸ್‌ವುಡ್ ಕೈಗೆ ಬಂದಾಗ ಆ ಪಾಠವನ್ನೆಲ್ಲ ತುಟಿಯಿಂದಲೇ ಮತ್ತೆ ಕಲಿಯಬೇಕಾಯಿತು, ಏಕೆಂದರೆ ಈ ಮಣಿಗಳ ಗಾತ್ರವೇ ಬೇರೆ ಬೇರೆ.

ವೆಬರ್‌ನ ಕ್ವಿಂಟೆಟ್ ಇದಕ್ಕೆ ಅತ್ಯುತ್ತಮ ಉದಾಹರಣೆ. 1811ರಲ್ಲಿ ಮ್ಯೂನಿಕ್‌ನಲ್ಲಿ ವೆಬರ್‌ಗೆ ಆಸ್ಥಾನದ ಕ್ಲಾರಿನೆಟ್ ವಾದಕ ಹೈನ್‌ರಿಷ್ ಬೇರ್ಮನ್‌ನ ಒಡನಾಟ ದೊರೆಯಿತು. ಅದೇ ವರ್ಷ ಒಂದು ಕಾನ್ಸರ್ಟಿನೊ, ಎರಡು ಕಾನ್ಸರ್ಟೊಗಳು (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾಗೆ ಬರೆದ ಕೃತಿಗಳು) ಅವನಿಗಾಗಿ ಹುಟ್ಟಿದವು. ಬಿ ಫ್ಲಾಟ್ ಮೇಜರ್ ಸ್ವರಶ್ರೇಣಿಯ ಕ್ವಿಂಟೆಟ್ ಕೂಡ ಆಗಲೇ ಶುರುವಾಯಿತು. ಮುಗಿದದ್ದು ಮಾತ್ರ 1815ರಲ್ಲಿ. ಬೇರ್ಮನ್ ನುಡಿಸುತ್ತಿದ್ದದ್ದು ಬರ್ಲಿನ್‌ನ ಗ್ರೀಸ್ಲಿಂಗ್ ಮತ್ತು ಶ್ಲಾಟ್ ತಯಾರಿಸಿದ ಹತ್ತು ಕೀಗಳ ವಾದ್ಯ. ಕ್ವಿಂಟೆಟ್ಟಿನ ಎರಡನೆಯ ಭಾಗಕ್ಕೆ ಫಂತಾಸಿಯಾ ಎಂದು ಹೆಸರು. ಅದರಲ್ಲಿ ಕ್ಲಾರಿನೆಟ್ ಒಂದು ಕಡೆ ಅರೆಸ್ವರಗಳ ಸಾಲನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಏರುತ್ತದೆ. ಏರಿಕೆ ಎರಡು ಬಾರಿ ಬರುತ್ತದೆ. ಒಮ್ಮೆ ಜೋರಾಗಿ, ಮತ್ತೊಮ್ಮೆ ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಹೊಸ ಕ್ಲಾರಿನೆಟ್ಟಿನಲ್ಲಿ ಈ ಏರಿಕೆ ಒಂದು ನಯವಾದ ಗೆರೆ. ಚಂದವೇ, ಆದರೆ ಕೇಳುಗ ಉಸಿರು ಹಿಡಿಯುವುದಿಲ್ಲ. ಹತ್ತು ಕೀಗಳ ವಾದ್ಯದಲ್ಲಿ ಅದೇ ಏರಿಕೆ ಬಂದಾಗ ತೆರೆದ ಸ್ವರ, ಮುಸುಕಿನ ಸ್ವರ, ಗಂಟಲಿನ ತೆಳು ಸ್ವರ, ಮತ್ತೆ ಫಕ್ಕನೆ ಮೇಲಿನ ಸಾಲಿನ ಬೆಳಗುವ ಸ್ವರ, ಹೀಗೆ ಒಂದೊಂದೂ ಒಂದೊಂದು ಬಣ್ಣದಲ್ಲಿ ಹಾದುಹೋಗುತ್ತದೆ. ವಾದಕ ತನ್ನ ತುಟಿಯಿಂದ, ಉಸಿರಿನಿಂದ ಅವನ್ನು ಒಂದಾಗಿಸಲು ಹೆಣಗುತ್ತಿರುವುದು ಕಿವಿಗೆ ಗೊತ್ತಾಗುತ್ತದೆ. ಎರಡನೆಯ ಬಾರಿ, ಮೆಲ್ಲಗೆ ಏರುವಾಗ, ಯಾವ ಸ್ವರ ಕೈಕೊಡುತ್ತದೋ ಎಂಬ ಅಳುಕೂ ಸೇರುತ್ತದೆ. ವೆಬರ್ ಬರೆದದ್ದು ಆ ಅಳುಕನ್ನೂ ಸೇರಿಸಿಯೇ. ನಾನು ಇದನ್ನು ನುಡಿಸಲು ಪ್ರಯತ್ನಿಸುವಾಗ ಸ್ವರಗಳನ್ನು ಮೊದಲು ಜೋಡಿ ಜೋಡಿಯಾಗಿ ತೆಗೆದುಕೊಳ್ಳುತ್ತೇನೆ: ಒಂದು ತೆರೆದದ್ದು, ಒಂದು ಮುಸುಕಿನದು. ತೆರೆದದ್ದನ್ನು ಸ್ವಲ್ಪ ಹಿಡಿದುಕೊಂಡು, ಮುಸುಕಿನದಕ್ಕೆ ಸ್ವಲ್ಪ ಹೆಚ್ಚು ಗಾಳಿ ಕೊಟ್ಟು ಎರಡನ್ನೂ ಸಮೀಪಕ್ಕೆ ತರಬೇಕು. ಪೂರ್ತಿ ಒಂದಾಗುವುದಿಲ್ಲ. ಸಮೀಪ ಬರುತ್ತವೆ, ಅಷ್ಟೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ವಾದ್ಯಗಳ ಅಭಿಮಾನಿಗಳಲ್ಲಿ ಕೆಲವರು, ಆ ಕಾಲದವರಿಗೆ ಸಮತೆಯೇ ಬೇಕಿರಲಿಲ್ಲ, ಒರಟುತನವೇ ಅವರ ರುಚಿ ಎಂಬಂತೆ ಮಾತನಾಡುತ್ತಾರೆ. ಅದು ತಪ್ಪು. ಆ ಕಾಲದ ಇನ್ನೊಬ್ಬ ಹೆಸರಾಂತ ವಾದಕ, ಸಂಯೋಜಕ ಲೂಯಿ ಸ್ಪೋರ್‌ನ ಕಾನ್ಸರ್ಟೊಗಳಿಗೆ ಕಾರಣನಾದ ಯೋಹಾನ್ ಸೈಮನ್ ಹೆರ್ಮ್‌ಸ್ಟೆಟ್‌ನನ್ನು ಕೇಳಿದ ವೆಬರ್, ಬೇರ್ಮನ್‌ನಲ್ಲಿರುವ, ಮೇಲಿನಿಂದ ಕೆಳಗಿನವರೆಗಿನ ನಾದದ ಸಮತೆ ಇವನಲ್ಲಿ ಇಲ್ಲ ಎಂದೇ ತೂಗಿ ನೋಡಿದ. ಅಂದರೆ ಸಮತೆ ಅಂದೂ ದೊಡ್ಡ ಗುಣವೇ. ಆದರೆ ಅದು ವಾದಕನ ಗುಣವಾಗಿತ್ತು, ವಾದ್ಯದ ಗುಣವಾಗಿರಲಿಲ್ಲ. ಒಬ್ಬ ಮನುಷ್ಯ ಸಮವಲ್ಲದ ಕೊಳವೆಯೊಂದನ್ನು ಹಿಡಿದು ಸಮತೆಯನ್ನು ಗಳಿಸುತ್ತಿದ್ದ. ಇಂದು ಆ ಸಮತೆ ಕಾರ್ಖಾನೆಯಿಂದಲೇ ಬರುತ್ತದೆ. ಗಳಿಸುವ ಶ್ರಮ ಕಾಣೆಯಾದಾಗ ವೆಬರ್‌ನ ಫಂತಾಸಿಯಾದಿಂದ ಕಥೆಯೇ ಕಾಣೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬದಲಾವಣೆಗೆ ದಾರಿ ಮಾಡಿದವನು ಕ್ಲಾರಿನೆಟ್ ವಾದಕ ಇವಾನ್ ಮ್ಯುಲ್ಲರ್, ಇಂದಿನ ಟಾಲಿನ್‌ನಲ್ಲಿ ಹುಟ್ಟಿದವನು. ಅವನ ಹದಿಮೂರು ಕೀಗಳ ಕ್ಲಾರಿನೆಟ್‌ನ ದೊಡ್ಡ ಸಾಧನೆ ಕೀಗಳ ಸಂಖ್ಯೆಯಲ್ಲ, ಕೀಗಳ ಕೆಳಗಿನ ಮೆತ್ತೆ. ಅದುವರೆಗೆ ಚಪ್ಪಟೆ ತೊಗಲಿನ ತುಂಡು ರಂಧ್ರವನ್ನು ಹೇಗೋ ಮುಚ್ಚುತ್ತಿತ್ತು. ಗಾಳಿ ಸೋರುತ್ತಿತ್ತು, ಆದ್ದರಿಂದ ಕೀಗಳನ್ನು ಹೆಚ್ಚಿಸಲು ತಯಾರಕರು ಹೆದರುತ್ತಿದ್ದರು. ಮ್ಯುಲ್ಲರ್ ಒಳಗೆ ತುಂಬಿಸಿದ ಉಬ್ಬು ಮೆತ್ತೆಗಳನ್ನು ತಂದ, ಅವು ಕೂರಲು ರಂಧ್ರದ ಅಂಚನ್ನು ಹೊಂದಿಸಿದ. ಈ ಒಂದೇ ವಾದ್ಯದಲ್ಲಿ ಎಲ್ಲ ಶ್ರುತಿಗಳಲ್ಲೂ ನುಡಿಸಬಹುದು, ಇನ್ನು ಎ, ಬಿ ಫ್ಲಾಟ್, ಸಿ ಎಂದು ಬೇರೆ ಬೇರೆ ಕ್ಲಾರಿನೆಟ್‌ಗಳನ್ನು ಹೊರಬೇಕಿಲ್ಲ ಎಂದು 1812ರಲ್ಲಿ ಪ್ಯಾರಿಸ್ ಕನ್ಸರ್ವೇಟರಿಯ ಮುಂದೆ ಇಟ್ಟ. ಸಮಿತಿ ತಿರಸ್ಕರಿಸಿತು. ಒಂದೊಂದು ಶ್ರುತಿಯ ಕ್ಲಾರಿನೆಟ್ಟಿಗೆ ಅದರದೇ ಸ್ವಭಾವವಿದೆ, ಒಂದನ್ನೇ ಉಳಿಸಿಕೊಂಡರೆ ಸಂಗೀತಗಾರರ ಕೈಯಿಂದ ಆ ಬಣ್ಣಗಳು ಹೋಗುತ್ತವೆ ಎಂಬುದು ಅವರ ವಾದ. ಹೊಸದನ್ನು ವಿರೋಧಿಸಿದ ಹಳಬರು ಎಂದು ಅವರನ್ನು ತಳ್ಳಿಹಾಕುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಅವರು ಕಳೆದುಕೊಳ್ಳಲಿರುವುದನ್ನು ಸರಿಯಾಗಿಯೇ ಗುರುತಿಸಿದ್ದರು. ಎ ಮತ್ತು ಬಿ ಫ್ಲಾಟ್ ಕ್ಲಾರಿನೆಟ್‌ಗಳು ಇಂದಿಗೂ ಬೇರೆ ಬೇರೆಯಾಗಿಯೇ ಉಳಿದಿವೆ. ಬ್ರಾಹ್ಮ್ಸ್ ಟ್ರಿಯೊ (ಮೂರು ವಾದ್ಯಗಳ ಕೃತಿ) ಮತ್ತು ಕ್ವಿಂಟೆಟ್ಟಿಗೆ ಎ ಕ್ಲಾರಿನೆಟ್ಟನ್ನೂ, ಕ್ಲಾರಿನೆಟ್ ಮತ್ತು ಪಿಯಾನೊಗೆ ಬರೆದ ಎರಡು ಸೊನಾಟಾಗಳಿಗೆ ಬಿ ಫ್ಲಾಟನ್ನೂ ಆರಿಸಿಕೊಂಡ.

ಮೆಂಡೆಲ್‌ಸನ್‌ನ ಎರಡು ಪುಟ್ಟ ಕೃತಿಗಳನ್ನು ಇಲ್ಲಿ ಬಿಡಲಾರೆ, ಕಾರಣ ಅವುಗಳ ಹುಟ್ಟಿನಷ್ಟು ಸಂತೋಷದ ಸಂಗತಿ ಈ ಸಂಗೀತದ ಚರಿತ್ರೆಯಲ್ಲಿ ಬೇರೆ ಇಲ್ಲ. ಬೇರ್ಮನ್ ತನ್ನ ಮಗ ಕಾರ್ಲ್‌ನೊಂದಿಗೆ ರಷ್ಯಾಕ್ಕೆ ಹೊರಟವನು 1832ರ ಕೊನೆಯಲ್ಲಿ ಬರ್ಲಿನ್‌ನಲ್ಲಿ ತಂಗಿದ್ದ. ಮೆಂಡೆಲ್‌ಸನ್‌ಗೆ ಬೇರ್ಮನ್ ಕೈಯಡುಗೆಯ ಹಬೆಯ ಸಿಹಿ ಕಡುಬು ಮತ್ತು ಕೆನೆ ತುಂಬಿದ ಸ್ಟ್ರೂಡೆಲ್ ಎಂದರೆ ಪ್ರಾಣ. ತಂದೆ ಮಗ ಅಡುಗೆ ಮಾಡಬೇಕು, ಅಷ್ಟರಲ್ಲಿ ತಾನು ಸಂಗೀತ ಬರೆಯಬೇಕು ಎಂದು ಕರಾರಾಯಿತು. ಕ್ಲಾರಿನೆಟ್, ಬ್ಯಾಸೆಟ್ ಹಾರ್ನ್ ಮತ್ತು ಪಿಯಾನೊಗಳಿಗೆ ಬರೆದ ಒಪಸ್ (ಕೃತಿಸಂಖ್ಯೆ) 113 ಹಾಗೆ ಹುಟ್ಟಿತು. ಅದರ ಬೆನ್ನಿಗೆ 1833ರಲ್ಲಿ ಒಪಸ್ 114. ಬ್ಯಾಸೆಟ್ ಹಾರ್ನ್ ಕ್ಲಾರಿನೆಟ್ಟಿನ ಕುಲದ್ದೇ, ಇನ್ನೂ ಮಂದ್ರಕ್ಕೆ ಇಳಿಯುವ ವಾದ್ಯ. ಕೊಳವೆಯ ಉದ್ದಕ್ಕೆ ಹೋಲಿಸಿದರೆ ಒಳಗಿನ ವ್ಯಾಸ ಕಡಿಮೆ. ಹಳೆಯ ಮಾದರಿಯಲ್ಲಿ ಅದರ ದನಿ ಸ್ವಲ್ಪ ಟೊಳ್ಳು, ಸ್ವಲ್ಪ ಮೂಗಿನದು. ಕ್ಲಾರಿನೆಟ್ ಜೊತೆ ಮೂರನೆಯ ಸ್ವರದ ಅಂತರದಲ್ಲಿ ಹಾಡುವಾಗ ಯಾರು ತಂದೆ, ಯಾರು ಮಗ ಎಂಬುದು ಕಣ್ಣು ಮುಚ್ಚಿಯೂ ತಿಳಿಯುತ್ತದೆ. ಹೊಸ ವಾದ್ಯಗಳಲ್ಲಿ ಇಬ್ಬರೂ ಅವಳಿಗಳಾಗಿಬಿಡುತ್ತಾರೆ.

ಶೂಮನ್‌ನ ವಿಚಾರದಲ್ಲಿ ವ್ಯತ್ಯಾಸ ತರುವುದು ಕ್ಲಾರಿನೆಟ್ಟಿಗಿಂತ ಪಿಯಾನೊ. 1849ರ ಫೆಬ್ರುವರಿಯಲ್ಲಿ ಡ್ರೆಸ್ಡನ್‌ನಲ್ಲಿ ಬರೆದ ಒಪಸ್ 73, ಮೂರು ಫಂಟಸಿ ತುಣುಕುಗಳು, ಎ ಕ್ಲಾರಿನೆಟ್ಟಿಗೆ ಬರೆದವು. ಮೊದಲನೆಯದಕ್ಕೆ ಶೂಮನ್ ಕೊಟ್ಟ ಸೂಚನೆ, ನವಿರಾಗಿ, ಭಾವಪೂರ್ಣವಾಗಿ ಎಂದು. ಪಿಯಾನೊದಲ್ಲಿ ಮೂರು ಮೂರು ಸ್ವರಗಳ ಅಲೆ ನಿಲ್ಲದೆ ಸಾಗುತ್ತದೆ. ಕ್ಲಾರಿನೆಟ್ ಅದರ ಮೇಲೆ ಉದ್ದುದ್ದ ಸಾಲುಗಳನ್ನು ಹಾಡುತ್ತದೆ. ಇಂದಿನ ಕಾನ್ಸರ್ಟ್ ಪಿಯಾನೊದಲ್ಲಿ ಆ ಅಲೆ ದಪ್ಪನಾದ ಹೊದಿಕೆಯಾಗುತ್ತದೆ. ಪಿಯಾನೊ ವಾದಕರು ಅದನ್ನು ತಗ್ಗಿಸಿ ತಗ್ಗಿಸಿ, ಕೊನೆಗೆ ಹಿನ್ನೆಲೆಯ ಗುಂಯ್‌ಗುಡಿಕೆಯಷ್ಟೇ ಉಳಿಯುತ್ತದೆ. ಶೂಮನ್ ದಂಪತಿಯ ಮನೆಯಲ್ಲಿದ್ದದ್ದು ವಿಯೆನ್ನಾದ ಕೊನ್ರಾಡ್ ಗ್ರಾಫ್ ಕ್ಲಾರಾಗೆ ಕೊಟ್ಟ ಪಿಯಾನೊ. ಕಬ್ಬಿಣದ ಚೌಕಟ್ಟಿಲ್ಲದ, ತೊಗಲು ಹೊದಿಸಿದ ಹಗುರ ಸುತ್ತಿಗೆಗಳ ವಾದ್ಯ. ಅದರಲ್ಲಿ ಸ್ವರ ಹುಟ್ಟಿದ ಕೂಡಲೇ ಕರಗತೊಡಗುತ್ತದೆ. ಹಾಗಾಗಿ ಆ ಮೂರು ಸ್ವರಗಳಲ್ಲಿ ಪ್ರತಿಯೊಂದೂ ಬೇರೆಯಾಗಿ ಕೇಳಿಸುತ್ತದೆ, ಮಧ್ಯದ ಸ್ವರ ಎಲ್ಲೋ ಕ್ಲಾರಿನೆಟ್ಟಿನ ಸಾಲನ್ನು ಮುಟ್ಟಿ ಉತ್ತರ ಕೊಟ್ಟದ್ದೂ ತಿಳಿಯುತ್ತದೆ. ಪಿಯಾನೊ ನುಡಿಸುವ ಗೆಳತಿಯೊಬ್ಬರು ಹಳೆಯ ವಿಯೆನ್ನಾ ಮಾದರಿಯ ವಾದ್ಯದ ಮೇಲೆ ಇದನ್ನು ನನ್ನೊಂದಿಗೆ ನುಡಿಸಿದಾಗ ಹೇಳಿದ್ದು ಒಂದೇ ಮಾತು: "ಇಲ್ಲಿ ನಾನು ತಗ್ಗಿ ನಡೆಯಬೇಕಿಲ್ಲ." ಮೂರನೆಯ ತುಣುಕು ಬೆಂಕಿಯಂತೆ ಓಡಬೇಕು, ಕೊನೆಯಲ್ಲಿ ಇನ್ನೂ ವೇಗ, ಮತ್ತೂ ವೇಗ. ಹಳೆಯ ವಾದ್ಯಗಳಲ್ಲಿ ಇಬ್ಬರೂ ತಮ್ಮ ವಾದ್ಯದ ಮಿತಿಯವರೆಗೆ ಹೋಗಿ ನಿಲ್ಲುತ್ತಾರೆ. ಆ ಮಿತಿ ಕಿವಿಗೆ ಕೇಳಿಸದಿದ್ದರೆ ಬೆಂಕಿ ಇರುವುದು ಕಾಗದದ ಮೇಲೆ ಮಾತ್ರ.

ಆ ಗ್ರಾಫ್ ಪಿಯಾನೊ ಮುಂದೆ ಬ್ರಾಹ್ಮ್ಸ್‌ನ ಕೈಗೆ ಬಂತು. 1873ರಲ್ಲಿ ಅವನು ಅದನ್ನು ವಿಯೆನ್ನಾದ ಸಂಗೀತಪ್ರಿಯರ ಸಂಘಕ್ಕೆ ಒಪ್ಪಿಸಿದ.

ಈಗ ಬ್ರಾಹ್ಮ್ಸ್. 1890ರಲ್ಲಿ ಜಿ ಮೇಜರ್ ತಂತಿವಾದ್ಯ ಕ್ವಿಂಟೆಟ್ ಮುಗಿಸಿ, ಇನ್ನು ಬರೆದದ್ದು ಸಾಕು ಎಂದು ನಿರ್ಧರಿಸಿದ್ದವನು 1891ರ ಮಾರ್ಚ್‌ನಲ್ಲಿ ಮೈನಿಂಗನ್ ಆಸ್ಥಾನಕ್ಕೆ ಹೋದಾಗ ಅಲ್ಲಿನ ಕ್ಲಾರಿನೆಟ್ ವಾದಕ ರಿಷಾರ್ಡ್ ಮ್ಯುಲ್‌ಫೆಲ್ಡ್‌ನನ್ನು ಹತ್ತಿರದಿಂದ ಕೇಳಿದ. ಅದೇ ಬೇಸಿಗೆ ಬಾಡ್ ಇಶ್ಲ್‌ನಲ್ಲಿ ಎ ಮೈನರ್ ಟ್ರಿಯೊ ಒಪಸ್ 114, ಬಿ ಮೈನರ್ ಕ್ವಿಂಟೆಟ್ ಒಪಸ್ 115; 1894ರಲ್ಲಿ ಒಪಸ್ 120ರ ಎರಡು ಸೊನಾಟಾಗಳು. ಮ್ಯುಲ್‌ಫೆಲ್ಡ್ ಆ ಆಸ್ಥಾನಕ್ಕೆ ಸೇರಿದ್ದು ಪಿಟೀಲು ವಾದಕನಾಗಿ. ಕ್ಲಾರಿನೆಟ್ಟನ್ನು ತಾನೇ ಕಲಿತ. ಬ್ರಾಹ್ಮ್ಸ್ ಅವನನ್ನು ಪ್ರೀತಿಯಿಂದ "ಕುಮಾರಿ ಕ್ಲಾರಿನೆಟ್" ಎಂದು ಕರೆಯುತ್ತಿದ್ದ, ಹಾಡುಗಾತಿಯೊಬ್ಬಳನ್ನು ಕರೆದ ಹಾಗೆ. ಪಿಟೀಲಿನಿಂದ ಬಂದವನಾದ್ದರಿಂದ ಅವನ ಸಾಲುಗಳಲ್ಲಿ ಬಿಲ್ಲಿನ ಎಳೆತ ಇದ್ದಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಕ್ವಿಂಟೆಟ್ಟಿನಲ್ಲಿ ಪಿಟೀಲು ಮತ್ತು ಕ್ಲಾರಿನೆಟ್ ಒಂದರ ಮಾತನ್ನು ಇನ್ನೊಂದು ಪೂರ್ಣಗೊಳಿಸುವ ರೀತಿ ನೋಡಿದರೆ ಸಾಕು.

ಅವನ ವಾದ್ಯಗಳು ಮ್ಯೂನಿಕ್‌ನ ಗಿಯೋರ್ಗ್ ಓಟೆನ್‌ಸ್ಟೈನರ್ ಮಾಡಿದವು. ಬಾಕ್ಸ್‌ವುಡ್ಡಿನವೇ, ಆದರೆ ವೆಬರ್ ಕಾಲದ ಹತ್ತು ಕೀಗಳ ವಾದ್ಯದಿಂದ ಬಹಳ ದೂರ ಬಂದವು: ಹದಿನೆಂಟು ಕೀಗಳು, ಅದೇ ಕಾರ್ಲ್ ಬೇರ್ಮನ್ ಓಟೆನ್‌ಸ್ಟೈನರ್ ಜೊತೆ ಕೂತು ರೂಪಿಸಿದ ವ್ಯವಸ್ಥೆ. ತಂದೆಗಾಗಿ ವೆಬರ್ ಬರೆದ, ಮಗನಿಗೆ ಮೆಂಡೆಲ್‌ಸನ್ ಬರೆದ, ಮಗ ರೂಪಿಸಿದ ವಾದ್ಯಕ್ಕೆ ಬ್ರಾಹ್ಮ್ಸ್ ಬರೆದ. "ಆ ಕಾಲದ ವಾದ್ಯ" ಎಂದು ಒಂದೇ ಚೀಟಿ ಅಂಟಿಸಿ ಇವೆಲ್ಲವನ್ನೂ ಒಂದೇ ಕಪಾಟಿನಲ್ಲಿ ಇಡುವುದು ನನಗೆ ಸರಿಬರುವುದಿಲ್ಲ. ಹತ್ತು ಕೀಗಳ ವಾದ್ಯದಲ್ಲಿ ಬ್ರಾಹ್ಮ್ಸ್ ನುಡಿಸುವುದು ಹೊಸ ವಾದ್ಯದಲ್ಲಿ ವೆಬರ್ ನುಡಿಸುವುದಕ್ಕಿಂತ ದೊಡ್ಡ ಅನ್ಯಾಯ. ಓಟೆನ್‌ಸ್ಟೈನರ್ ಕ್ಲಾರಿನೆಟ್ಟಿನಲ್ಲಿ ಸ್ವರಗಳು ಬಹಳಮಟ್ಟಿಗೆ ಸಮವಾಗಿವೆ. ಅದರ ವಿಶೇಷ ಬೇರೆಯದು: ಮರದ ಮೃದುತ್ವ, ಮಂದ್ರದಲ್ಲಿ ಗಾಢವಾಗಿದ್ದೂ ಗಟ್ಟಿಯಾಗದ ನಾದ, ಮೆಲ್ಲಗೆ ನುಡಿಸಿದಾಗ ನಾದ ತೆಳುವಾಗದೆ ಹತ್ತಿರ ಬರುವ ಗುಣ. ಬಾಂಬರ್ಗ್‌ನ ತಯಾರಕ ಯೋಖೆನ್ ಸೆಗ್ಗೆಲ್ಕೆ ಅವರಂಥವರು ಇಂದು ಈ ಮಾದರಿಯ ಪ್ರತಿಕೃತಿಗಳನ್ನು ಮಾಡುತ್ತಾರೆ. ಅಂಥದೊಂದನ್ನು ಸ್ವಲ್ಪ ಹೊತ್ತು ನುಡಿಸುವ ಅವಕಾಶ ನನಗೂ ಸಿಕ್ಕಿತ್ತು. ಹೊಸ ವಾದ್ಯಕ್ಕೆ ಕೊಡುವಷ್ಟು ಗಾಳಿ ಕೊಟ್ಟಾಗ ನಾದ ದೊಡ್ಡದಾಗಲಿಲ್ಲ, ಬಿರುಸಾಯಿತು. ಗಾಳಿ ತಗ್ಗಿಸಿದ ಮೇಲೆ ಅದು ತೆರೆದುಕೊಂಡಿತು.

ಕ್ವಿಂಟೆಟ್ಟಿನ ಆರಂಭವನ್ನು ಗಮನಿಸಿ. ಮೊದಲು ಎರಡು ಪಿಟೀಲುಗಳು ಸುತ್ತಿಕೊಂಡು ಇಳಿಯುತ್ತವೆ. ಇದು ಡಿ ಮೇಜರೋ ಬಿ ಮೈನರೋ ಎಂದು ಕಿವಿ ತಡಕಾಡುತ್ತಿರುವಾಗಲೇ ಕ್ಲಾರಿನೆಟ್ ಐದನೆಯ ಬಾರಿನಲ್ಲಿ (ತಾಳದ ಐದನೆಯ ಆವರ್ತದಲ್ಲಿ) ಒಳಬಂದು ನಿಧಾನವಾಗಿ ಡಿ ಮೇಜರ್ ಸ್ವರಗಳಲ್ಲಿ ಏರುತ್ತದೆ. ಆ ಏರಿಕೆ ಗಂಟಲಿನ ಸ್ವರವನ್ನು ದಾಟಿಯೇ ಮೇಲಿನ ಸಾಲಿಗೆ ಹೋಗಬೇಕು. ಹೊಸ ವಾದ್ಯದಲ್ಲಿ ಬಹುತೇಕ ಧ್ವನಿಮುದ್ರಿಕೆಗಳಲ್ಲಿ ಇದು ಏಕವ್ಯಕ್ತಿಯ ಪ್ರವೇಶ. ನಾಲ್ಕು ತಂತಿವಾದ್ಯಗಳು ಬದಿಗೆ ಸರಿದು ಜಾಗ ಕೊಡುತ್ತವೆ. ಹಳೆಯ ವಾದ್ಯಗಳಲ್ಲಿ ಕ್ಲಾರಿನೆಟ್ ಎಲ್ಲಿ ಬಂತು ಎಂಬುದೇ ಮೊದಲು ತಿಳಿಯುವುದಿಲ್ಲ. ಪಿಟೀಲಿಗಿಂತ ತಗ್ಗಿನ ದನಿಯ ವಿಯೋಲಾದ ಪಕ್ಕದಲ್ಲಿ ಎಲ್ಲೋ ಹುಟ್ಟಿ, ಏರುತ್ತ ಏರುತ್ತ ತನ್ನ ಹೆಸರು ಹೇಳುತ್ತದೆ. ಇದಕ್ಕೆ ಕಾರಣ ಕ್ಲಾರಿನೆಟ್ ಒಂದೇ ಅಲ್ಲ. ತಂತಿವಾದ್ಯಗಳಲ್ಲಿ ಅಂದು ಇದ್ದದ್ದು ಕುರಿಯ ಕರುಳಿನ ತಂತಿ. ಪಿಟೀಲಿಗೆ ಉಕ್ಕಿನ ಮೇಲ್ತಂತಿ ಸಾಮಾನ್ಯವಾದದ್ದು 20ನೇ ಶತಮಾನದಲ್ಲಿ. ಕರುಳಿನ ತಂತಿಯ ನಾದದಲ್ಲಿ ಬಿಲ್ಲಿನ ಕೂದಲು ಹಿಡಿದು ಬಿಡುವ ಸಣ್ಣ ಒರೆಸು ಇರುತ್ತದೆ, ರೀಡಿನ ಅದುರಿಗೂ ಅಂಥದ್ದೇ ಒಂದು ಒರೆಸು. ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಕ್ಕಿನ ತಂತಿಗೆ ಎದುರಾಗಿ ಗ್ರೆನಡಿಲ್ಲಾ ನಿಂತಾಗ ಎರಡೂ ಪ್ರಕಾಶದಲ್ಲಿ ಸ್ಪರ್ಧಿಸುತ್ತವೆ.

ನಿಧಾನಗತಿಯ ಎರಡನೆಯ ಭಾಗವಾದ ಅಡಾಜಿಯೊದಲ್ಲಿ ಈ ಬೆಸುಗೆ ಇನ್ನೂ ಮುಖ್ಯ. ತಂತಿವಾದ್ಯಗಳಿಗೆಲ್ಲ ದನಿ ತಗ್ಗಿಸುವ ಮ್ಯೂಟ್ ಹಾಕಿಸಿ, ಅವುಗಳ ಲಯಗಳನ್ನು ಒಂದರ ಮೇಲೊಂದು ತಪ್ಪಿಸಿ ಹೆಣೆದು, ಅದರ ಮೇಲೆ ಬ್ರಾಹ್ಮ್ಸ್ ಕ್ಲಾರಿನೆಟ್ಟಿಗೆ ಉದ್ದನೆಯ, ಬಹಳ ಸರಳವಾದ ಸಾಲೊಂದನ್ನು ಕೊಟ್ಟಿದ್ದಾನೆ. ಮ್ಯೂಟ್ ಹಾಕಿದ ಕರುಳಿನ ತಂತಿಯ ಮುಂದೆ ಹೊಸ ಕ್ಲಾರಿನೆಟ್ ಇಟ್ಟರೆ, ವಾದಕ ಎಷ್ಟೇ ಸೂಕ್ಷ್ಮನಾಗಿರಲಿ, ತೂಕ ಒಂದು ಕಡೆ ವಾಲುತ್ತದೆ. ಬಾಕ್ಸ್‌ವುಡ್ಡಿನಲ್ಲಿ ವಾದಕ ತಗ್ಗುವ ಅಗತ್ಯವಿಲ್ಲ. ಸಹಜ ಉಸಿರಿನಲ್ಲೇ ಐವರೂ ಒಂದೇ ಮಟ್ಟದಲ್ಲಿ ಕೂರುತ್ತಾರೆ. ಮಧ್ಯದಲ್ಲಿ ಸಂಗೀತ ಮೈನರ್‌ಗೆ ಹೊರಳಿದಾಗ ಇಡೀ ಚಿತ್ರ ಬದಲಾಗುತ್ತದೆ. ತಂತಿಗಳು ನಡುಗುತ್ತವೆ, ಕ್ಲಾರಿನೆಟ್ ಹಂಗೇರಿಯ ರೋಮಾ ವಾದಕರ ಶೈಲಿಯಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನುಗ್ಗಿ ಹರಿಯುತ್ತದೆ. ಇಲ್ಲಿ ಓಟೆನ್‌ಸ್ಟೈನರ್ ವಾದ್ಯದಲ್ಲಿ ಉಳಿದಿರುವ ಅಲ್ಪಸ್ವಲ್ಪ ಅಸಮತೆ ಫಲ ಕೊಡುತ್ತದೆ. ಓಟದ ನಡುವೆ ಕೆಲವು ಸ್ವರ ಮಿಂಚುತ್ತವೆ, ಕೆಲವು ಮುಸುಕಾಗುತ್ತವೆ. ಆಗ ಅದು ಅಭ್ಯಾಸದ ಪಾಠವಾಗುವುದಿಲ್ಲ, ಮಾತಾಗುತ್ತದೆ.

ಕ್ವಿಂಟೆಟ್ ಮುಗಿಯುವ ರೀತಿಯ ಬಗ್ಗೆ ನನ್ನದೊಂದು ಹಠವಿದೆ. ಕೊನೆಯ ಭಾಗದಲ್ಲಿ ಒಂದೇ ರಾಗಸಾಲು ರೂಪ ಬದಲಿಸುತ್ತ ಬರುವ ವೇರಿಯೇಷನ್‌ಗಳ ನಂತರ ಮೊದಲ ಭಾಗದ ಸುತ್ತು ಮರಳಿ ಬರುತ್ತದೆ, ಆಮೇಲೆ ಎರಡು ಸ್ವರಮೇಳಗಳು: ಮೊದಲನೆಯದು ಜೋರಾಗಿ, ಎರಡನೆಯದು ಮೆಲ್ಲಗೆ. ಹೊಸ ವಾದ್ಯಗಳ ಧ್ವನಿಮುದ್ರಿಕೆಗಳಲ್ಲಿ ಆ ಜೋರಿನ ಸ್ವರಮೇಳ ಹಲವು ಬಾರಿ ಹೊಡೆತದಂತಾಗುತ್ತದೆ. ಕರುಳಿನ ತಂತಿ ಹೆಚ್ಚು ಒತ್ತಡವನ್ನು ಸಹಿಸುವುದಿಲ್ಲ, ಬಾಕ್ಸ್‌ವುಡ್ ಕೂಡ ಸಹಿಸುವುದಿಲ್ಲ. ಹಾಗಾಗಿ ಅಲ್ಲಿ ಜೋರು ಎಂದರೆ ಐದು ವಾದ್ಯಗಳೂ ತಮ್ಮ ಪೂರ್ಣ ದನಿಯಲ್ಲಿ ಒಮ್ಮೆ ನುಡಿದದ್ದು, ಅಷ್ಟೇ. ಅದರ ಮುಂದಿನ ಸ್ವರಮೇಳ ಆಗ ಹೆದರಿಕೆಯಿಂದ ತಗ್ಗಿದಂತೆ ಕೇಳಿಸದೆ ಒಪ್ಪಿಗೆಯಂತೆ ಕೇಳಿಸುತ್ತದೆ.

ಬ್ರಾಹ್ಮ್ಸ್ ಇಂದಿನ ಕ್ಲಾರಿನೆಟ್ ಕೇಳಿದ್ದರೆ ಅದನ್ನೇ ಬಯಸುತ್ತಿದ್ದ ಎಂಬ ಆಕ್ಷೇಪ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಉತ್ತರ ಇತಿಹಾಸದಲ್ಲೇ ಇದೆ. ಬೋಮ್ ಪದ್ಧತಿಯ ಕ್ಲಾರಿನೆಟ್ಟಿಗೆ ವಾದಕ ಕ್ಲೋಸೆ ಮತ್ತು ತಯಾರಕ ಬ್ಯುಫೆ ಫ್ರಾನ್ಸ್‌ನಲ್ಲಿ ಪೇಟೆಂಟ್ ಪಡೆದದ್ದು 1844ರಲ್ಲಿ. ಅಂದರೆ ಕ್ವಿಂಟೆಟ್ಟಿಗಿಂತ ಸುಮಾರು ಅರ್ಧ ಶತಮಾನ ಮೊದಲೇ ಆ ವಾದ್ಯ ಇತ್ತು. ಓಟೆನ್‌ಸ್ಟೈನರ್ ತೀರಿಕೊಂಡದ್ದು 1879ರಲ್ಲಿ. ಬ್ರಾಹ್ಮ್ಸ್ ಮ್ಯುಲ್‌ಫೆಲ್ಡ್‌ಗೆ ಮನಸೋತಾಗ ಆ ಬಾಕ್ಸ್‌ವುಡ್ ವಾದ್ಯಗಳ ತಯಾರಕ ಇಲ್ಲವಾಗಿ ಹನ್ನೆರಡು ವರ್ಷ ಕಳೆದಿತ್ತು. ಬ್ರಾಹ್ಮ್ಸ್ ಪ್ರೀತಿಸಿದ ದನಿ ಅಂದೇ ಸ್ವಲ್ಪ ಹಳೆಯ ದನಿಯಾಗಿತ್ತು. ಆ ಜೋಡಿ ವಾದ್ಯಗಳು ಇಂದಿಗೂ ಮೈನಿಂಗನ್‌ನ ಸಂಗ್ರಹಾಲಯದಲ್ಲಿವೆ.

ಸೊನಾಟಾಗಳಲ್ಲಿ ಮತ್ತೆ ಪಿಯಾನೊದ ಪ್ರಶ್ನೆ. ವಿಯೆನ್ನಾದ ಕಾರ್ಲ್ಸ್‌ಗಾಸ್ಸೆಯ ಮನೆಯಲ್ಲಿ ಬ್ರಾಹ್ಮ್ಸ್ ಬಳಿ ಇದ್ದದ್ದು 1868ರ ಸ್ಟ್ರೈಖರ್ ಪಿಯಾನೊ. ತಂತಿಗಳು ಒಂದರ ಮೇಲೊಂದು ಅಡ್ಡ ಹಾಯದೆ ನೇರವಾಗಿ ಇರುವ ವಾದ್ಯ. ಅದಕ್ಕೆ ಕೆಳಗಿನ ಸ್ವರಗಳು ಗೊಜ್ಜಾಗದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಬ್ರಾಹ್ಮ್ಸ್‌ನ ಎಡಗೈ ಎಷ್ಟು ದಟ್ಟವಾಗಿ ಬರೆದದ್ದು ಎಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಹಾಗೆಂದು ಇದೊಂದೇ ಸರಿಯಾದ ಪಿಯಾನೊ ಎನ್ನಲಾಗದು. ಕಛೇರಿಗಳಲ್ಲಿ ಅವನು ಬೋಸೆಂಡೋರ್ಫರ್, ಬೆಕ್‌ಸ್ಟೈನ್, ಸ್ಟೈನ್‌ವೇ ಎಲ್ಲವನ್ನೂ ನುಡಿಸಿದವನು. ಲೊರೆಂಜೊ ಕೊಪ್ಪೋಲಾ ಮತ್ತು ಆಂಡ್ರಿಯಾಸ್ ಸ್ಟೈಯರ್ ಅವರು ಮಾಡಿದ ಸೊನಾಟಾಗಳ ಧ್ವನಿಮುದ್ರಿಕೆಯನ್ನು ನಾನು ಎಲ್ಲರಿಗೂ ಕೇಳಿಸುತ್ತೇನೆ. ಎಫ್ ಮೈನರ್ ಸೊನಾಟಾದ ಮೂರನೆಯ ಭಾಗ, ಹಳ್ಳಿಯ ಕುಣಿತದ ಲಯದ ಅಲೆಗ್ರೆಟ್ಟೊ, ಅವರ ಕೈಯಲ್ಲಿ ನಿಜಕ್ಕೂ ಕಾಲು ಎತ್ತಿ ಇಡುತ್ತದೆ. ಕ್ವಿಂಟೆಟ್ಟಿಗೆ ಎರಿಕ್ ಹೊಪ್ರಿಚ್ ಮತ್ತು ಲಂಡನ್ ಹೇಡನ್ ಕ್ವಾರ್ಟೆಟ್ ಅವರ ಧ್ವನಿಮುದ್ರಿಕೆ. ಹೊಪ್ರಿಚ್ ತಾವೇ ವಾದ್ಯ ತಯಾರಿಸುವವರು. ಯಾವ ಸ್ವರ ಯಾಕೆ ಹೀಗೆ ಎಂಬುದು ಅವರಿಗೆ ಮರ ಕೊರೆದ ಕೈಯಿಂದಲೇ ಗೊತ್ತು. ಇವರೆಲ್ಲರಿಗೂ ಮೊದಲು ದಾರಿ ತೆರೆದವರಲ್ಲಿ ಇಂಗ್ಲೆಂಡಿನ ಆ್ಯಲನ್ ಹ್ಯಾಕರ್ ಒಬ್ಬರು. 1966ರಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಗಾಲಿಕುರ್ಚಿಯಲ್ಲಿ ಕುಳಿತ ಮೇಲೂ ಹಳೆಯ ಕ್ಲಾರಿನೆಟ್‌ಗಳನ್ನು ಹಿಡಿದು ಅವುಗಳಿಂದ ಸಂಗೀತ ಹೊರಡಿಸಿದವರು.

ಟ್ರಿಯೊವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಕ್ವಿಂಟೆಟ್ಟಿನ ನೆರಳಿನಲ್ಲಿ ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಚೆಲ್ಲೊ ಒಂದೇ ಮೊದಲು ಹಾಡುತ್ತದೆ, ಕ್ಲಾರಿನೆಟ್ ಬಂದು ಸೇರುತ್ತದೆ. ವಾದ್ಯಗಳು ಪರಸ್ಪರ ಪ್ರೀತಿಸುತ್ತಿರುವಂತಿದೆ ಎಂದು ಬ್ರಾಹ್ಮ್ಸ್‌ನ ಗೆಳೆಯ ಮಾಂಡಿಚೆವ್ಸ್ಕಿ ಬರೆದಿದ್ದ. ಹೊಸ ವಾದ್ಯಗಳಲ್ಲಿ ಕೇಳಿದವರಿಗೆ ಈ ಮಾತು ಬರಿಯ ಸೌಜನ್ಯ ಎನಿಸಬಹುದು, ಪಿಯಾನೊದ ಗದ್ದಲದಲ್ಲಿ ಆ ಇಬ್ಬರ ಮಾತುಕತೆ ಅರ್ಧ ಮುಳುಗಿರುತ್ತದೆ. ಕರುಳಿನ ತಂತಿಯ ಚೆಲ್ಲೊ, ಬಾಕ್ಸ್‌ವುಡ್ ಕ್ಲಾರಿನೆಟ್ ಮತ್ತು ನೇರ ತಂತಿಗಳ ಪಿಯಾನೊ ಸೇರಿದಾಗ ಮೊದಲ ಭಾಗದ ಅಂತ್ಯಕ್ಕೆ ಕಿವಿ ಕೊಡಿ. ಕ್ಲಾರಿನೆಟ್ ಮತ್ತು ಚೆಲ್ಲೊ ಸ್ವರಸಾಲುಗಳನ್ನು ಬಹಳ ಮೆಲ್ಲಗೆ, ಬಹಳ ಬೇಗ, ಒಂದರ ಪಕ್ಕ ಒಂದು ಹರಿಸುತ್ತವೆ. ನಾವು ಮೂವರು ಗೆಳೆಯರು ಈಗ ಆ ಪುಟದ ಮೇಲೆಯೇ ಇದ್ದೇವೆ. ನನ್ನ ಹತ್ತು ಕೀಗಳ ವಾದ್ಯಕ್ಕೆ ಅದು ಸಲ್ಲದು, ಹದಿನೆಂಟು ಕೀಗಳದ್ದೊಂದನ್ನು ಎರವಲು ತಂದಿದ್ದೇನೆ. ಚೆಲ್ಲೊ ವಾದಕರು ಬಿಲ್ಲಿನ ತುದಿಯಲ್ಲಿ, ಕೂದಲು ತಂತಿಗೆ ಸೋಕುವಷ್ಟೇ ಸೋಕಿಸಿ ನುಡಿಸುತ್ತಾರೆ. ನಾನು ನಾಲಗೆ ತಾಗಿಸದೆ ಬರಿಯ ಉಸಿರಿನಿಂದ ಸಾಲನ್ನು ಶುರು ಮಾಡುತ್ತೇನೆ. ಸರಿಯಾಗಿ ಬಂದ ಸರದಿಗಳಲ್ಲಿ ಯಾವ ಸಾಲು ಯಾರದು ಎಂದು ಪಿಯಾನೊ ಮುಂದೆ ಕುಳಿತ ಗೆಳತಿಗೆ ಹೇಳಲಾಗುವುದಿಲ್ಲ.